ಕಂಪ್ಲಿ ಬಸ್ಸಿನ ಬುತ್ತಿ

ಕಂಪ್ಲಿ
10 ನವೆಂಬರ್ 2024, ಭಾನುವಾರ

ನಾಗಮ್ಮನಿಗೆ,

ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಇಷ್ಟು ದಿನ ಅಡುಗೆಮನೆಯ ಬಾಗಿಲಿಗೆ ನಿಂತು ಕೂಗಿದರೆ ಕೆಲಸವಾಗುತ್ತಿತ್ತು. ಈಗ ಬಾಯಿ ತುಂಬ ಹುಣ್ಣಾಗಿ ನಿನಗೆ ಫೋನಿನಲ್ಲಿ ಮಾತನಾಡಲು ಆಗುವುದಿಲ್ಲ, ಮೊಬೈಲು ನೋಡಿದರೆ ತಲೆ ತಿರುಗುತ್ತದೆ ಎಂದು ನಿನ್ನ ತಂಗಿ ಗಂಗಾ ಹೇಳಿದಳು. ಅದಕ್ಕೇ ಬುತ್ತಿಯ ಚೀಲದಲ್ಲಿ ಇದನ್ನು ಇಡುತ್ತಿದ್ದೇನೆ. ನೀನೂ ಖಾಲಿ ಡಬ್ಬಿಯ ಜೊತೆ ಎರಡು ಸಾಲು ಬರೆದು ಹಾಕು. ಕಂಡಕ್ಟರ್ ಜಂಬುನಾಥ ದಿನಾ ಕಾಲೇಜು ಹುಡುಗರ ಬುತ್ತಿ ಒಯ್ಯುತ್ತಾನಲ್ಲ, ಅದರ ಜೊತೆ ನಿನ್ನದನ್ನೂ ಒಯ್ಯಲು ಒಪ್ಪಿದ್ದಾನೆ. "ಅಕ್ಕಾರ ಬುತ್ತಿ ನನ್ನ ಸೀಟಿನ ಕೆಳಗ ಇಡ್ತೀನ್ರಿ, ಚಿಂತಿ ಬ್ಯಾಡ" ಎಂದ. ಬೆಳಗಿನ ಏಳರ ಬಸ್ಸು. ಗಂಗಾ ಸ್ಟ್ಯಾಂಡಿನಲ್ಲಿ ಇಳಿಸಿಕೊಂಡು, ನಿನಗೆ ಕೊಟ್ಟು, ಶಾಲೆಗೆ ಪಾಠಕ್ಕೆ ಹೋಗಲು ಹೊತ್ತು ಸಾಕು.

ಇಲ್ಲಿ ಹೊಸ ಭತ್ತ ಬರುತ್ತಿದೆ. ಬಾಯ್ಲರ್ ಆರಿಸುವ ಮಾತೇ ಇಲ್ಲ. ನೀನು ಇದ್ದಿದ್ದರೆ ಭತ್ತ ಬೇಯುವ ವಾಸನೆಗೆ ದಿನಕ್ಕೆ ಹತ್ತು ಸಲ ಬಚ್ಚಲಿಗೆ ಓಡುತ್ತಿದ್ದೆ. ಸೀಸನ್ ಮುಗಿಯುವವರೆಗೆ ಹೊಸಪೇಟೆಯಲ್ಲಿ ತಂಗಿಯ ಮನೆಯಲ್ಲಿರುತ್ತೇನೆ ಎಂದು ನೀನು ಹೊರಟದ್ದೇ ಸರಿ. ಮಿಲ್ಲಿನ ಗೋಡೆಗೆ ಅಂಟಿಸಿ ಮನೆ ಕಟ್ಟಿಸಿದ ನಮ್ಮಪ್ಪನಿಗೆ ಇದೆಲ್ಲ ಹೊಳೆದಿರಲಿಲ್ಲ.

ಅಡುಗೆ ನಾನೇ ಮಾಡುತ್ತಿದ್ದೇನೆ, ನಗಬೇಡ. ಮೂವತ್ತು ವರ್ಷ ಊರಿಗೆಲ್ಲ ಅಕ್ಕಿ ಮಾಡಿ ಕೊಟ್ಟವನಿಗೆ ಅನ್ನ ಮಾಡಲು ಬರುವುದಿಲ್ಲ ಎಂದು ಮೊನ್ನೆ ಗೊತ್ತಾಯಿತು. ಮೊದಲ ದಿನದ್ದು ಗಂಜಿಯಾಯಿತು, ಎರಡನೆಯ ದಿನದ್ದನ್ನು ಹೊಲಕ್ಕೆ ಬಿತ್ತಬಹುದಿತ್ತು. ಇವತ್ತಿನ ಹೆಸರುಬೇಳೆ ಕಿಚಡಿ ಪರವಾಗಿಲ್ಲ. ಅದು ತಣ್ಣಗಾಗಬಾರದೆಂದು ಒಂದು ಉಪಾಯ ಕಂಡುಕೊಂಡಿದ್ದೇನೆ. ಬಸ್ಸು ಬರುವವರೆಗೆ ಡಬ್ಬಿಗೆ ಬಟ್ಟೆ ಸುತ್ತಿ ಭತ್ತ ಬೇಯುವ ಟ್ಯಾಂಕಿನ ಮುಚ್ಚಳದ ಮೇಲೆ ಇಡುತ್ತೇನೆ. ಹೊಸಪೇಟೆ ಮುಟ್ಟಿದರೂ ಕೈ ಸುಡಬೇಕು, ನೋಡು.

ಮುಂದಿನ ಭಾನುವಾರ ಬರಲೇ?

ಕೊಟ್ರಬಸಪ್ಪ


ಹೊಸಪೇಟೆ
13 ನವೆಂಬರ್ 2024

ನಿಮಗೆ,

ಹೆಸರು ಬರೆಯಲು ಕೈ ಬರಲಿಲ್ಲ. ಇಪ್ಪತ್ತಾರು ವರ್ಷ ಬಾಯಲ್ಲಿ ಹೇಳದ್ದನ್ನು ಬಾಯಿ ಹುಣ್ಣಾದ ಮೇಲೆ ಶುರು ಮಾಡುವುದು ಬೇಡ. ಕ್ಷೇಮ ಎಂದು ಬರೆಯುವ ಸಾಲನ್ನೂ ಬಿಟ್ಟಿದ್ದೇನೆ.

ಬುತ್ತಿ ಬಿಸಿಯಾಗಿಯೇ ಮುಟ್ಟುತ್ತಿದೆ. ಊಟ ಮಾಡುತ್ತಿದ್ದೇನೆ.

ಮೂರನೆಯ ಕೀಮೋ ಆಗಿ ಎಂಟು ದಿನವಾಯಿತು. ಇನ್ನು ಮೂರು, ಆಮೇಲೆ ಎದೆಯ ಆಪರೇಷನ್. ಆಸ್ಪತ್ರೆಯಲ್ಲಿ ಕ್ಯಾನ್ಸರಿನವರಿಗೆ ಊಟದ ವಿಷಯ ಹೇಳಿಕೊಡಲು ಸುಧಾರಾಣಿ ಎಂಬ ಹುಡುಗಿ ಇದ್ದಾಳೆ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಒಂದು ಹಿಡಿ ಒಣ ಮಂಡಕ್ಕಿ ತಿನ್ನಬೇಕಂತೆ. ಹೊಟ್ಟೆ ಖಾಲಿ ಬಿಟ್ಟರೆ ಸಂಕಟ ಜಾಸ್ತಿ. ವಾಂತಿಯ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಬೇಕು, ನೀರನ್ನು ಊಟದ ಜೊತೆ ಕುಡಿಯದೆ ಬೇರೆ ಹೊತ್ತಿನಲ್ಲಿ ಕುಡಿಯಬೇಕು. ಇದನ್ನೆಲ್ಲ ಗಂಗಾ ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ಅಂಟಿಸಿದ್ದಾಳೆ, ಶಾಲೆಯ ಟೈಮ್‌ಟೇಬಲ್ಲಿನ ಹಾಗೆ.

ಸ್ಟೀಲಿನ ಚಮಚ ಬಿಟ್ಟು ಪ್ಲಾಸ್ಟಿಕ್ ಚಮಚ ಹಿಡಿದಿದ್ದೇನೆ. ಬಾಯಲ್ಲಿ ಸದಾ ಕಬ್ಬಿಣದ ರುಚಿ, ಸಂಡೂರಿನ ಅದಿರು ಅರೆದು ಕುಡಿಸಿದ ಹಾಗೆ. ಇದನ್ನು ಕಾವ್ಯಳಿಗೆ ಹೇಳಿದೆ. ಯಶವಂತನಗರದ ಮೈನಿಂಗ್ ಆಫೀಸಿನಲ್ಲಿ ಕೂತು ನಿಮ್ಮ ಮಗಳಿಗೆ ನಾಲಿಗೆ ಉದ್ದವಾಗಿದೆ. "ಅವ್ವಾ, ಇದನ್ನ ಯಾರ ಮುಂದೂ ಹೇಳಬ್ಯಾಡ, ನಿನ್ನ ಬಾಯಿಗೂ ಲೀಸ್ ಹಾಕ್ತಾರ" ಎಂದಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಬೇಜಾರಾಗಿದೆಯಾ ಎಂದು ಗಂಗಾ ಕೇಳುತ್ತಿರುತ್ತಾಳೆ. ಅದೂ ಇಲ್ಲ. ಬೆರಳ ತುದಿಗಳು ಮರಗಟ್ಟಿವೆ, ಬಿಸಿ ಲೋಟ ಹಿಡಿದರೂ ಗೊತ್ತಾಗುವುದಿಲ್ಲ. ಒಳಗೂ ಹಾಗೆಯೇ. ಕಿಟಕಿಯಾಚೆ ಜನ ಹೋಗುತ್ತಾರೆ, ಬರುತ್ತಾರೆ, ನೋಡುತ್ತೇನೆ.

ಭಾನುವಾರ ಬರುವುದು ಬೇಡ. ಸೀಸನ್ನಿನಲ್ಲಿ ಮಿಲ್ಲು ಬಿಟ್ಟು ಬರಬೇಡಿ.

ಅಕ್ಕನಾಗಮ್ಮ


ಕಂಪ್ಲಿ
21 ನವೆಂಬರ್ 2024

ನಾಗಮ್ಮನಿಗೆ,

ನಿನ್ನ ತೂಕ ನಲವತ್ತಾರರಿಂದ ನಲವತ್ಮೂರಕ್ಕೆ ಇಳಿದಿದೆ ಎಂದು ಕಾವ್ಯ ಹೇಳಿದಳು. ಹೀಗೇ ಇಳಿದರೆ ಮುಂದಿನ ಕೀಮೋಗಳನ್ನು ನಿಲ್ಲಿಸಬೇಕಾಗುತ್ತದೆ ಎಂದು ಡಾಕ್ಟರು ಅಂದರಂತೆ. ಆದರೆ ನನ್ನ ಡಬ್ಬಿ ದಿನಾ ಖಾಲಿಯಾಗಿ, ತೊಳೆದು ಬರುತ್ತಿದೆ. ಮಿಲ್ಲಿನವನ ಬುದ್ಧಿಗೆ ಇದು ಹಿಡಿಸುವುದಿಲ್ಲ. ಭತ್ತ ಹಾಕಿದ ಮೇಲೆ ಅಕ್ಕಿಯಾದರೂ ಬರಬೇಕು, ತೌಡಾದರೂ ಬರಬೇಕು. ನನ್ನ ಕಿಚಡಿ ಎಲ್ಲಿಗೆ ಹೋಗುತ್ತಿದೆ?

ಅಡುಗೆ ಕೆಟ್ಟಿದ್ದರೆ ಹೇಳು. ಉಪ್ಪು ಹೆಚ್ಚಾಯಿತೆ, ಒಗ್ಗರಣೆ ಬೇಡವೆ, ಏನು ಬೇಕು? ಶೇಂಗಾ ಚಟ್ನಿ ಬಿಟ್ಟಿದ್ದೇನೆ, ಖಾರ ಬಿಟ್ಟಿದ್ದೇನೆ. ಟ್ಯಾಂಕಿನ ಮೇಲೆ ಮೊದಲು ಹತ್ತು ನಿಮಿಷ ಇಡುತ್ತಿದ್ದೆ, ಈಗ ಚಳಿ ಎಂದು ಅರ್ಧ ಗಂಟೆ ಇಡುತ್ತಿದ್ದೇನೆ.

ಇನ್ನೊಂದು ಮಾತು. ಮೊನ್ನೆ ಭಾನುವಾರ ನೀನು ಬೇಡವೆಂದರೂ ನಾನು ಬಂದೆ. ನಿನಗೆ ನಿದ್ದೆ ಬಂದಿದೆ ಎಂದು ಗಂಗಾ ಹೊರಗಿನ ಕೋಣೆಯಲ್ಲೇ ಚಹಾ ಕೊಟ್ಟು ಕಳಿಸಿದಳು. ಒಳಗೆ ನೀನು ಕೆಮ್ಮಿದ್ದು ಕೇಳಿಸಿತು. ಕಾವ್ಯ ಬರಬಹುದು, ಪಕ್ಕದ ಮನೆಯವರು ಬರಬಹುದು, ನಾನು ಬರಬಾರದು. ನಿನಗೆ ನನ್ನ ಮೇಲೆ ಏನೋ ಇದೆ.

ಯಾವುದು ಎಂದು ಯೋಚಿಸಿದೆ. ಮದುವೆಯ ಮಾರನೆಯ ವರ್ಷ ಅವ್ವನ ಮಾವಿನ ಉಪ್ಪಿನಕಾಯಿಯ ಜಾಡಿ ಒಡೆದಿತ್ತಲ್ಲ, ಅದನ್ನು ಒಡೆದದ್ದು ನಾನು. ಅವ್ವ ನಿನ್ನ ಮೇಲೆ ಹಾಕಿದಾಗ ಸುಮ್ಮನಿದ್ದೆ. ಅವಳು ಸಾಯುವವರೆಗೂ ಅದನ್ನು ಎತ್ತಿ ಆಡಿದಳು, ನೀನು ಕೇಳಿದೆ. ಹೇಗೋ ಗೊತ್ತಾಗಿದೆ ನಿನಗೆ. ತಪ್ಪಾಯಿತು.

ಕೊಟ್ರಬಸಪ್ಪ


ಹೊಸಪೇಟೆ
24 ನವೆಂಬರ್ 2024

ನಿಮಗೆ,

ಜಾಡಿ ಒಡೆದದ್ದು ನೀವು ಎಂದು ಗೊತ್ತಾದದ್ದು ನಿಮ್ಮ ಕಾಗದದಿಂದಲೇ. ನಾನು ಬೆಕ್ಕು ಎಂದುಕೊಂಡಿದ್ದೆ. ಆ ವರ್ಷವೆಲ್ಲ ಅದಕ್ಕೆ ಹಾಲು ಹಾಕಲಿಲ್ಲ. ನೀವು ತಪ್ಪಾಯಿತು ಅನ್ನಬೇಕಾದದ್ದು ಆ ಬೆಕ್ಕಿಗೆ, ಅದೂ ಸತ್ತು ಇಪ್ಪತ್ತು ವರ್ಷವಾಯಿತು.

ಕುಂಬಳಕಾಯಿ ಕಳ್ಳ ಎಂದು ನಾನು ಕೂಗಲೇ ಇಲ್ಲ, ನೀವೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೀರಿ.

ಬುತ್ತಿಯ ವಿಷಯ ನಿಜ ಹೇಳುತ್ತೇನೆ. ಪಕ್ಕದ ಮನೆಯ ಬಸಕ್ಕ ಉಣ್ಣುತ್ತಿದ್ದಾಳೆ. ಒಂಟಿ ಜೀವ, ಹಗಲೆಲ್ಲ ಹೊಲಿಗೆ ಮಷೀನಿನ ಮುಂದೆ ಕೂರುತ್ತಾಳೆ. ನಿಮ್ಮ ಕೈಗೆ ರುಚಿ ಇದೆ ಎನ್ನುತ್ತಾಳೆ. ನಾನು ಗಂಗಾ ಕಲಸಿಕೊಡುವ ಮೊಸರನ್ನ ಎರಡು ಚಮಚ, ಗ್ಲೂಕೋಸ್ ಬಿಸ್ಕತ್ತು, ಮಧ್ಯಾಹ್ನ ಎಳನೀರು ತೆಗೆದುಕೊಳ್ಳುತ್ತೇನೆ. ನಿಲ್ಲುವುದು ನಿಲ್ಲುತ್ತದೆ, ಉಳಿದದ್ದು ಬೋಗುಣಿಗೆ.

ಅಡುಗೆ ಕೆಟ್ಟಿಲ್ಲ. ಅದರ ಬಗ್ಗೆ ಮತ್ತೆ ಕೇಳಬೇಡಿ.

ಮಂಗಳವಾರ ನಾಲ್ಕನೆಯ ಸೂಜಿ. ಕಾವ್ಯ ರಜೆ ಹಾಕಿದ್ದಾಳೆ. ನೀವು ಬರುವುದು ಬೇಡ.

ಅಕ್ಕನಾಗಮ್ಮ


ಕಂಪ್ಲಿ
1 ಡಿಸೆಂಬರ್ 2024

ನಾಗಮ್ಮ,

ಜಾಡಿಯಲ್ಲ ಎಂದ ಮೇಲೆ ಉಳಿದದ್ದು ಒಂದೇ. ಮೊದಲೇ ಅದನ್ನು ಬರೆಯಬೇಕಿತ್ತು. ಧೈರ್ಯವಿಲ್ಲದವನು ಜಾಡಿಯಿಂದ ಶುರು ಮಾಡಿದೆ.

ಈ ವರ್ಷದ ಯುಗಾದಿಯ ಮರುದಿನ ನೀನು ಬಾಯ್ಲರಿನ ಹತ್ತಿರ ಬಂದೆ. ಮನೆಯಲ್ಲಿ ಹೇಳಲು ಆಗದೆ ಅಲ್ಲಿಯವರೆಗೆ ಬಂದಿದ್ದೆ. ಎದೆಯಲ್ಲಿ ಗಂಟು ಕೈಗೆ ಸಿಗುತ್ತಿದೆ ಎಂದೆ. ಬೇಸಿಗೆ ಬೆಳೆಯ ಭತ್ತ ಬರುವ ಹೊತ್ತು. ನಾನು ಸ್ಟೀಮಿನ ಮೀಟರಿನಿಂದ ಕಣ್ಣು ತೆಗೆಯಲಿಲ್ಲ. "ಇದೊಂದು ಸೀಸನ್ ಮುಗೀಲಿ, ಬಳ್ಳಾರಿಗೆ ಹೋಗಿ ತೋರಿಸ್ಕೊಂಡು ಬರೋಣು" ಎಂದೆ. ಸೀಸನ್ ಜೂನಿಗೆ ಮುಗಿಯಿತು. ಆಮೇಲೆ ಮಷೀನು ರಿಪೇರಿ ಎಂದೆ. ನಾವು ಹೋದದ್ದು ಆಗಸ್ಟಿನಲ್ಲಿ.

ಸ್ವಲ್ಪ ಮೊದಲು ಬಂದಿದ್ದರೆ ಚೆನ್ನಾಗಿತ್ತು ಎಂದು ಡಾಕ್ಟರು ಹೇಳಿದಾಗ ನೀನು ನನ್ನ ಕಡೆ ನೋಡಲಿಲ್ಲ. ಗೋಡೆಯ ಮೇಲಿನ ಗಡಿಯಾರ ನೋಡಿದೆ. ನನ್ನನ್ನು ನೋಡಿದ್ದರೆ, ಬೈದಿದ್ದರೆ, ನಾನು ಏನಾದರೂ ಹೇಳುತ್ತಿದ್ದೆ.

ಮೊದಲೆರಡು ಕೀಮೋಗೆ ನಿನ್ನ ಕೈ ಹಿಡಿದು ಕೂತದ್ದು ಆ ತಪ್ಪಿಗೇ. ಕೈ ಹಿಡಿದರೆ ಸ್ವಲ್ಪ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಈಗ ಅದೂ ಬೇಡ ಎನ್ನುತ್ತಿದ್ದೀಯ. ಬೇಡ ಎನ್ನುವ ಹಕ್ಕು ನಿನಗಿದೆ. ಒಂದು ಸಲ ಬಾಯಿಬಿಟ್ಟು ಹೇಳು, ಇದಕ್ಕೇ ಎಂದು.

ಕೊಟ್ರಬಸಪ್ಪ


ಹೊಸಪೇಟೆ
8 ಡಿಸೆಂಬರ್ 2024

ನಿಮಗೆ,

ಯುಗಾದಿಗೆ ನಿಮಗೆ ಹೇಳಿದೆ. ನನಗೆ ಗೊತ್ತಾದದ್ದು ಅದರ ಹಿಂದಿನ ದೀಪಾವಳಿಗೆ. ನೀರು ತುಂಬುವ ದಿನ ಎಣ್ಣೆ ಹಚ್ಚಿಕೊಳ್ಳುವಾಗ ಸಿಕ್ಕಿತು, ಕಡಲೆಕಾಳಿನಷ್ಟು ಇತ್ತು. ಐದು ತಿಂಗಳು ಯಾರಿಗೂ ಹೇಳಲಿಲ್ಲ. ಮೊದಲು ನಾಚಿಕೆಯಾಯಿತು. ಆಮೇಲೆ ಸೀಸನ್ ಮುಗಿಯಲಿ ಎಂದುಕೊಂಡೆ. ನೀವು ಹೇಳುವ ಮೊದಲೇ ಆ ಮಾತನ್ನು ನನಗೆ ನಾನೇ ಹೇಳಿಕೊಂಡಿದ್ದೆ. ಮಿಲ್ಲಿನವರ ಮನೆಯಲ್ಲಿ ಹೆಣ್ಣು ನೋಡುವುದೂ, ಹಲ್ಲು ಕೀಳಿಸುವುದೂ ಸೀಸನ್ ಮುಗಿದ ಮೇಲೆಯೇ. ಅಷ್ಟು ವರ್ಷದಲ್ಲಿ ನಾನೂ ಮಿಲ್ಲಿನವಳೇ ಆಗಿಹೋಗಿದ್ದೆ.

ಅದಕ್ಕೇ ಆ ದಿನ ನಿಮ್ಮ ಕಡೆ ನೋಡಲಿಲ್ಲ. ನೋಡಲು ನನಗೆ ಮುಖವಿರಲಿಲ್ಲ.

ಇದರಲ್ಲಿ ಯಾರ ಪಾಲು ಎಷ್ಟು ಎಂದು ಹಂಚಿಕೊಳ್ಳಲು ನನಗೆ ತ್ರಾಣವಿಲ್ಲ. ನಿಮ್ಮ ಕಾಗದ ಓದಿಸಿದ ಮೇಲೆ ಸಿಟ್ಟು ಇದೆಯೇನೋ ಎಂದು ಹುಡುಕಿ ನೋಡಿದೆ. ಇಲ್ಲ. ಸಿಟ್ಟು ಬರಬೇಕಾದರೂ ಮೈಯಲ್ಲಿ ಅನ್ನ ಇರಬೇಕು.

ಹೊಸದಾಗಿ ಬಾಯಿಗೆ ಸೇರುತ್ತಿರುವುದು ನೆಕ್ಕಲು ನಿಂಬೆಹಣ್ಣಿನ ಹೋಳು ಮತ್ತು ಫ್ರಿಜ್ಜಿನಲ್ಲಿಟ್ಟ ದಾಳಿಂಬೆ ಕಾಳು. ಬಾಯಿ ಹುಣ್ಣಿದ್ದಾಗ ಎರಡೂ ಆಗುವುದಿಲ್ಲ.

ನಾಗಮ್ಮ


ಕಂಪ್ಲಿ
18 ಡಿಸೆಂಬರ್ 2024

ನಾಗಮ್ಮ,

ನಿನ್ನೆ ಐದನೆಯ ಕೀಮೋ ಕೊಡದೆ ವಾಪಸು ಕಳಿಸಿದರಂತೆ. ರಕ್ತ ಕಡಿಮೆ, ತೂಕ ನಲವತ್ತೊಂದೂವರೆ. ಒಂದು ವಾರ ಬಿಟ್ಟು ಬನ್ನಿ ಎಂದರಂತೆ. ಫೋನಿನಲ್ಲಿ ಕಾವ್ಯ ಅತ್ತಳು.

ಜಾಡಿಗಲ್ಲ. ಗಂಟಿನ ವಿಷಯಕ್ಕೂ ಅಲ್ಲ. ಮತ್ತೆ ಯಾಕೆ ನಾನು ಬರಬಾರದು, ನನ್ನ ಕೈಯ ಅನ್ನ ಯಾಕೆ ನಿನ್ನ ಗಂಟಲಿಗೆ ಇಳಿಯಬಾರದು? ನಿನ್ನೆ ಜಂಬುನಾಥ ಚೀಲ ಕೇಳಿದಾಗ ಕೊಡಲಿಲ್ಲ. ಬಸಕ್ಕನಿಗಾಗಿ ನಾನು ಐದು ಗಂಟೆಗೆ ಏಳುವುದೇ?

ನಿಜ ಹೇಳಿದರೆ ನನಗೆ ನೋವಾಗುತ್ತದೆ ಎಂದಿದ್ದರೆ, ಆಗಲಿ. ಇನ್ನೇನು ಆಗುವುದು ಬಾಕಿಯಿದೆ.

ಕೊಟ್ರಬಸಪ್ಪ


ಹೊಸಪೇಟೆ
22 ಡಿಸೆಂಬರ್ 2024

ನಿಮಗೆ,

ಮೊನ್ನೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಸುಧಾರಾಣಿ ಹೊಸಬಳೊಬ್ಬಳಿಗೆ ಹೇಳಿಕೊಡುತ್ತಿದ್ದಳು. "ಕೀಮೋ ದಿನ ನಿಮಗ ಭಾಳ ಸೇರೋದನ್ನ ಮಾತ್ರ ತಿನ್ನಬ್ಯಾಡ್ರಿ. ಆ ಸಂಕಟ ಅದಕ್ಕ ಅಂಟ್ಕೊಂಡು ಬಿಡ್ತೈತಿ. ಆಮ್ಯಾಲೆ ಜನ್ಮದಾಗ ಅದನ್ನ ಕಂಡ್ರ ಆಗಂಗಿಲ್ಲ." ನನಗೆ ಈ ಮಾತು ಹೇಳುವ ಹೊತ್ತಿಗೆ ಎರಡು ಸೂಜಿ ಮುಗಿದಿದ್ದವು. ಮೊದಲೇ ಹೇಳಿದ್ದರೂ ಊಟದ ಮಾತು ಎಂದೇ ತಿಳಿಯುತ್ತಿದ್ದೆ.

ಮೊದಲ ಸೂಜಿಯ ದಿನ ನಾನು ಏನೂ ತಿಂದಿರಲಿಲ್ಲ. ನೀವು ಟ್ಯಾಂಕಿನಿಂದ ಬೆಂದ ಭತ್ತ ಇಳಿಸಿ, ಅದೇ ಅಂಗಿಯಲ್ಲಿ ಬಂದು, ಆರು ಗಂಟೆ ನನ್ನ ಕೈ ಹಿಡಿದು ಕೂತಿದ್ದಿರಿ. ಎರಡನೆಯ ಸಲವೂ ಹಾಗೆಯೇ. ಔಷಧಿ ಒಳಗೆ ಇಳಿಯುವಾಗ ಮೂಗಿಗೆ ಇದ್ದದ್ದು ನಿಮ್ಮ ವಾಸನೆ ಒಂದೇ.

ಭತ್ತ ಬೇಯುವ ವಾಸನೆ ಆಗುವುದಿಲ್ಲ ಎಂದು ಹೇಳಿ ಮನೆ ಬಿಟ್ಟೆ. ಸುಳ್ಳಲ್ಲ. ಆದರೆ ಆ ವಾಸನೆ ನಿಮ್ಮ ಮೈಯಲ್ಲಿದೆ, ಕೂದಲಲ್ಲಿದೆ, ಈ ಕಾಗದಗಳಲ್ಲಿದೆ. ಟ್ಯಾಂಕಿನ ಮುಚ್ಚಳದ ಮೇಲೆ ಕೂತು ಬಂದ ಬುತ್ತಿಯಲ್ಲಂತೂ ಅದೇ ತುಂಬಿರುತ್ತದೆ. ಬಟ್ಟೆ ಬಿಚ್ಚಿದರೆ ನೀವೇ ಒಳಗೆ ಬಂದ ಹಾಗಾಗಿ ಹೊಟ್ಟೆ ಕಿತ್ತು ಬರುತ್ತದೆ. ನಿಮ್ಮ ಕಾಗದ ಗಂಗಾ ಓದುತ್ತಾಳೆ, ನಾನು ಆಚೆ ಕೋಣೆಯಲ್ಲಿ ಕೂತು ಕೇಳುತ್ತೇನೆ. ಸುಧಾರಾಣಿ ಮೊದಲ ದಿನವೇ ಬಿಸಿ ಅಡುಗೆ ಬೇಡ, ತಣ್ಣಗಿದ್ದರೆ ವಾಸನೆ ಬರುವುದಿಲ್ಲ ಎಂದಿದ್ದಳು. ನೀವು ಅಷ್ಟು ಹೆಮ್ಮೆಯಿಂದ ಬರೆದಿದ್ದಿರಿ, ಹೇಗೆ ಹೇಳಲಿ.

ಇಪ್ಪತ್ತಾರು ವರ್ಷ ಆ ವಾಸನೆಯ ಪಕ್ಕದಲ್ಲಿ ಮಲಗಿದ್ದೇನೆ. ತವರಿಗೆ ಹೋದರೆ ಅದಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ಈಗ ಗಂಡನ ವಾಸನೆಗೆ ವಾಂತಿ ಬರುತ್ತದೆ ಎಂದು ಯಾವ ಹೆಂಗಸು ಬರೆದಾಳು? ಬರೆಯುವಾಗಲೂ ನನಗೆ ಏನೂ ಅನ್ನಿಸುತ್ತಿಲ್ಲ. ಅದೇ ಹೆಚ್ಚು ಹೆದರಿಕೆ.

ನಾಗಮ್ಮ


ಕಂಪ್ಲಿ
26 ಡಿಸೆಂಬರ್ 2024

ನಾಗಮ್ಮ,

ಈ ಕಾಗದವನ್ನು ನಾನು ಮುಟ್ಟಿಲ್ಲ. ಫೋನಿನಲ್ಲಿ ಹೇಳುತ್ತಿದ್ದೇನೆ, ಯಶವಂತನಗರದಲ್ಲಿ ಕೂತು ಕಾವ್ಯ ಬರೆಯುತ್ತಿದ್ದಾಳೆ. ನೀನೇ ಹಿಡಿದು ಓದಬಹುದು. ಅಪ್ಪ ಅವ್ವನ ಇಂಥ ಮಾತು ಮಗಳ ಕೈಯಲ್ಲಿ ಬರೆಸುವ ಕಾಲ ಬಂತಲ್ಲ ಎಂದೆ. ಅವಳು ಮುಂದೆ ಹೇಳಿ ಎಂದಳು.

ತಪ್ಪಾಗಿದ್ದರೆ ಕಾಲಿಗೆ ಬೀಳಬಹುದಿತ್ತು. ವಾಸನೆಯ ಮುಂದೆ ಹೇಗೆ ಬೀಳಲಿ? ಅಂಗಿ ಬಿಚ್ಚಿ ಮೂಗಿಗೆ ಹಿಡಿದೆ, ನನಗೆ ಏನೂ ಗೊತ್ತಾಗಲಿಲ್ಲ. ಬಾಯ್ಲರಿನ ಎರ್ರಿಯಪ್ಪನನ್ನು ಕರೆದು ನನ್ನನ್ನು ಮೂಸಿ ನೋಡು ಎಂದೆ. ಪಾಪ, ಸಾವ್ಕಾರನಿಗೆ ಬುದ್ಧಿ ಕೆಟ್ಟಿತು ಎಂದುಕೊಂಡಿರಬೇಕು. ಎರಡು ಸಲ ಮೂಸಿ, "ಏನೂ ಇಲ್ರಿ ಸಾವ್ಕಾರ್ರ, ಗಮ್ ಅಂತೀರಿ" ಎಂದ. ಮಿಲ್ಲಿಗೆ ಅವನು ನನಗಿಂತ ಹತ್ತು ವರ್ಷ ಹಳಬ.

ಐದನೆಯ ಕೀಮೋ ಆಯಿತು ಎಂದು ಕೇಳಿ ಉಸಿರು ಬಿಟ್ಟೆ. ನಾಳೆಯಿಂದ ಮಿಲ್ಲು ತಮ್ಮ ಸಿದ್ದಲಿಂಗೇಶನಿಗೆ. ಸೀಸನ್ನಿನ ನಡುವೆ ಹೀಗೆ ಬಿಟ್ಟು ಹೋಗುತ್ತಾರೆಯೇ ಎಂದು ಅವನು ಬಾಯಿ ತೆರೆದ. ಹಂಪಿ ಹತ್ತಿರದ ಕಡ್ಡಿರಾಂಪುರದಲ್ಲಿ ಪಂಪೇಶ್ ಎಂಬವನ ಹೋಂಸ್ಟೇ ಇದೆ, ಅಲ್ಲಿ ಇರುತ್ತೇನೆ. ಮಿಲ್ಲಿನ ಅಂಗಿ, ಚಾದರ, ಡಬ್ಬಿ ಯಾವುದನ್ನೂ ಒಯ್ಯುವುದಿಲ್ಲ.

ಕೊಟ್ರಬಸಪ್ಪ


ಕಡ್ಡಿರಾಂಪುರ
1 ಜನವರಿ 2025

ನಾಗಮ್ಮನಿಗೆ,

ಇಲ್ಲಿಗೆ ಬಂದ ದಿನ ನಾನು ಹೆಸರು ಹೇಳುವ ಮೊದಲೇ ಪಂಪೇಶ್ "ರೈಸ್ ಮಿಲ್ಲಿನೋರೇನ್ರಿ?" ಎಂದ. ಬಚ್ಚಲು ಎಲ್ಲಿ ಎಂದು ಕೇಳಿದೆ.

ದಿನಕ್ಕೆ ಮೂರು ಸಲ ಸ್ನಾನ. ಸೀಗೆಕಾಯಿ, ಕಡಲೆಹಿಟ್ಟು, ನಿಂಬೆಹಣ್ಣು, ಮದುಮಗನಾಗಿದ್ದಾಗಲೂ ಇಷ್ಟು ಉಜ್ಜಿರಲಿಲ್ಲ. ಕೂದಲು ಸಣ್ಣಗೆ ತೆಗೆಸಿದೆ. ಹಗಲು ಹಂಪಿ ಬಜಾರಿನವರೆಗೆ ನಡೆದು ಹೋಗಿ ಕಲ್ಲಿನ ಮಂಟಪದಲ್ಲಿ ಗಾಳಿಗೆ ಕೂರುತ್ತೇನೆ, ಒಗೆದ ಬಟ್ಟೆ ಒಣ ಹಾಕಿದ ಹಾಗೆ. ಸೀಸನ್ನಿನಲ್ಲಿ ಹಗಲು ಸುಮ್ಮನೆ ಕೂತದ್ದು ಜೀವನದಲ್ಲಿ ಇದೇ ಮೊದಲು. ಪರದೇಶದವರು ಬಂದು ಫೋಟೋ ತೆಗೆಯುತ್ತಾರೆ. ನಾನೂ ಇಲ್ಲಿಯ ಹಳೆಯ ಸಾಮಾನು ಎಂದುಕೊಂಡಿರಬೇಕು.

ನಿನ್ನೆ ಸಿದ್ದಲಿಂಗೇಶ್ ಮೋಟರ್‌ಸೈಕಲ್ಲಿನಲ್ಲಿ ಏನೋ ಕೇಳಲು ಬಂದ. ಪಕ್ಕದಲ್ಲಿ ಕೂತ. ನನಗೆ ವಾಸನೆ ಬಂತು, ನಾಗಮ್ಮ. ಭತ್ತ ನೆನೆದು ಹುಳಿಬಂದ ನೀರು, ಒದ್ದೆ ಗೋಣಿ, ಸುಟ್ಟ ಹೊಟ್ಟು. ಮೂವತ್ತು ವರ್ಷದಲ್ಲಿ ಮೊದಲ ಸಲ. ಇದನ್ನು ಹೊತ್ತುಕೊಂಡು ನಾನು ಊಟಕ್ಕೆ ಕೂತೆ, ಮಗಳನ್ನು ಎತ್ತಿಕೊಂಡೆ, ನಿನ್ನ ಪಕ್ಕ ಮಲಗಿದೆ. ನೀನು ಒಂದು ದಿನ ಮೂಗು ಮುರಿಯಲಿಲ್ಲ.

ಪಂಪೇಶನ ಅಡುಗೆಮನೆಯಲ್ಲಿ ಮಾಡಿ ಪೂರ್ತಿ ಆರಿಸಿದ ಮಜ್ಜಿಗೆ ಅನ್ನ ಹಂಪಿ ಬಸ್ಸಿಗೆ ಕೊಡುತ್ತಿದ್ದೇನೆ. ಹೊಸ ಪ್ಲಾಸ್ಟಿಕ್ ಡಬ್ಬಿ.

ಕೊಟ್ರಬಸಪ್ಪ


ಹೊಸಪೇಟೆ
3 ಜನವರಿ 2025

ನಿಮಗೆ,

ನಾನೇ ಬಿಚ್ಚಿದೆ. ನಾನೇ ಓದಿದೆ.

ಮಜ್ಜಿಗೆ ಅನ್ನ ಅರ್ಧ ತಿಂದೆ, ನಿಂತಿತು. ಸಂಜೆ ಉಳಿದರ್ಧ. ಬಸಕ್ಕ ಡಬ್ಬಿಯ ದಾರಿ ನೋಡಿ ಹೋದಳು, ಇಲ್ಲ ಎಂದು ಹೇಳಬೇಕಾಯಿತು. ತೂಕ ನಲವತ್ತೆರಡು.

ಭಾನುವಾರ ಬನ್ನಿ.

ನಾಗಮ್ಮ


ಕಂಪ್ಲಿ
6 ಜನವರಿ 2025

ನಾಗಮ್ಮನಿಗೆ,

ಇದನ್ನೂ ಕಾವ್ಯಳ ಕೈಯಲ್ಲಿ ಬರೆಸುತ್ತಿದ್ದೇನೆ.

ನಿನ್ನೆ ನಾನು ಬಾಗಿಲು ದಾಟುವ ಮೊದಲೇ ನಿನಗೆ ವಾಂತಿ ಬಂದುಬಿಟ್ಟಿತು. ಗಂಗಾ ಓಡಿ ಬಂದಳು, ನಾನು ಹೊರಟೆ. ಇನ್ನೊಂದು ನಿಮಿಷ ನಿಂತಿದ್ದರೆ ತಿಂದ ಆ ಎರಡು ತುತ್ತೂ ಉಳಿಯುತ್ತಿರಲಿಲ್ಲ.

ಹೊರಡುವಾಗ ಪಂಪೇಶ್ ಮೂಸಿ, ವಾಸನೆ ಏನೂ ಇಲ್ಲ ಎಂದಿದ್ದ. ಹಂಪಿಯಲ್ಲಿ ಎಳನೀರಿನವಳನ್ನೂ ಕೇಳಿದ್ದೆ. ಇನ್ನು ಉಜ್ಜಲು ಚರ್ಮ ಮಾತ್ರ ಉಳಿದಿದೆ.

ಮಿಲ್ಲಿಗೆ ವಾಪಸು ಬಂದಿದ್ದೇನೆ. ಬುತ್ತಿ ಪಂಪೇಶನ ಮನೆಯಿಂದಲೇ ಬರುತ್ತದೆ, ಮಾತಾಡಿದ್ದೇನೆ. ಹದಿನಾಲ್ಕಕ್ಕೆ ಕೊನೆಯ ಕೀಮೋ, ಕಾವ್ಯ ಇರುತ್ತಾಳೆ. ನಾನು ಇನ್ನು ಬರುವುದಿಲ್ಲ, ಕೇಳುವುದೂ ಇಲ್ಲ. ನೀನು ಉಣ್ಣು, ಅಷ್ಟು ಸಾಕು.

ಕೊಟ್ರಬಸಪ್ಪ


ಹೊಸಪೇಟೆ
9 ಜನವರಿ 2025

ನಿಮಗೆ,

ಭಾನುವಾರ ನಿಮ್ಮ ಮೈಯಲ್ಲಿ ವಾಸನೆ ಇರಲಿಲ್ಲ. ಅಷ್ಟೆಲ್ಲ ಬಿಟ್ಟು ಬಂದವರಿಗೆ ಅದನ್ನಾದರೂ ಹೇಳಬೇಕಿತ್ತು. ನಿಮ್ಮ ಮುಖ ಕಂಡದ್ದೇ ತಡ, ಹೊಟ್ಟೆ ತಾನಾಗಿಯೇ ತಿರುಗಿತು. ಅದಕ್ಕೆ ನನ್ನನ್ನು ಕೇಳುವ ಅಭ್ಯಾಸವಿಲ್ಲ. ನಾನು ತಲೆಯೆತ್ತುವಷ್ಟರಲ್ಲಿ ಬಾಗಿಲಲ್ಲಿ ಯಾರೂ ಇರಲಿಲ್ಲ. ಚಪ್ಪಲಿ ಮೆಟ್ಟಿಲಿಳಿದ ಸಪ್ಪಳ ಕೇಳಿಸಿತು.

ಆ ದಿನ ಒಂದು ಸಲ ವಾಂತಿಯಾಯಿತು. ಸೋಮವಾರ ಎರಡು ಸಲ, ಹಲ್ಲುಜ್ಜುವ ಪೇಸ್ಟಿಗೆ. ಮಂಗಳವಾರ ಆಚೆ ಬೀದಿಯಲ್ಲಿ ಯಾರೋ ಮೆಣಸಿನಕಾಯಿ ಹುರಿದದ್ದಕ್ಕೆ. ನಿನ್ನೆ ಯಾವುದಕ್ಕೂ ಅಲ್ಲ, ಸುಮ್ಮನೆ. ಆ ಮೂರು ದಿನ ನೀವು ಕಂಪ್ಲಿಯಲ್ಲಿದ್ದಿರಿ.

ನೀವು ಬಂದರೂ ಆಗುತ್ತದೆ, ಬರದಿದ್ದರೂ ಆಗುತ್ತದೆ. ಗಂಗಾ ಶಾಲೆಗೆ ಹೋದ ಮೇಲೆ ಬೋಗುಣಿ ನಾನೇ ಹಿಡಿದುಕೊಳ್ಳಬೇಕು. ಬೆರಳು ಮರಗಟ್ಟಿರುವುದರಿಂದ ನಿನ್ನೆ ಜಾರಿ ಹಾಸಿಗೆಯೆಲ್ಲ ಆಯಿತು. ಅದರಲ್ಲೇ ಕೂತು ಹನ್ನೆರಡರವರೆಗೆ ಗೋಡೆ ನೋಡಿದೆ. ಅಳು ಬರಲಿಲ್ಲ, ಹೇಸಿಗೆಯೂ ಆಗಲಿಲ್ಲ. ಒಂದೇ ಒಂದು ಅನ್ನಿಸಿತು. ಬಹಳ ದಿನದ ಮೇಲೆ ಏನೋ ಒಂದು ಅನ್ನಿಸಿತಲ್ಲ ಎಂದು ಬರೆಯುತ್ತಿದ್ದೇನೆ. ಇವರು ಇರಬೇಕಿತ್ತು ಎನ್ನಿಸಿತು.

ಕಾವ್ಯಳಿಗೆ ರಜೆ ಬೇಡ ಎಂದಿದ್ದೇನೆ. ಹದಿನಾಲ್ಕಕ್ಕೆ ನೀವು ಬನ್ನಿ. ಸ್ನಾನ ಮಾಡಿ ಬಂದರೂ ಸರಿ, ಟ್ಯಾಂಕಿನ ಹತ್ತಿರದಿಂದ ಹಾಗೇ ಎದ್ದು ಬಂದರೂ ಸರಿ. ನಾನು ಮುಖ ಆ ಕಡೆ ಮಾಡಿ ಮಲಗುತ್ತೇನೆ, ತಪ್ಪು ತಿಳಿಯಬೇಡಿ. ವಾಂತಿ ಬಂದರೆ ಬೋಗುಣಿ ಹಿಡಿಯಿರಿ. ಎದ್ದು ಮಾತ್ರ ಹೋಗಬೇಡಿ.

ನಾಗಮ್ಮ